ರೈಲು ಬಂದ ಮೇಲೆ ಉಪನ್ಯಾಸ

ಸಾಂಸ್ಕೃತಿಕ ಕೇಂದ್ರಗಳ ಆಹ್ವಾನ ಪತ್ರಿಕೆಯಲ್ಲಿ ತಪ್ಪದೆ ಇರುವ ಒಂದು ಸಾಲು ‘ಸಂಜೆ 6ಕ್ಕೆ ಸರಿಯಾಗಿ’. ಬೆಂಗಳೂರಿನ ಬಸವನಗುಡಿಯಲ್ಲಿ ಈ ಸಾಲು ನಡೆಯುತ್ತದೆ. ನಿವೃತ್ತರು ವಾಕಿಂಗ್ ಮುಗಿಸಿಕೊಂಡು ಹಾಗೇ ಸಭಾಂಗಣಕ್ಕೆ ಬಂದು ಕೂರುತ್ತಾರೆ, ಉಪನ್ಯಾಸ ಕೇಳಿ ಎಂಟರ ಹೊತ್ತಿಗೆ ಊಟಕ್ಕೆ ಮನೆ ಸೇರುತ್ತಾರೆ. ಅದೇ ಪತ್ರಿಕೆಯನ್ನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯ ಬಜಾರಿನಲ್ಲೋ ಹಂಚಿದರೆ ಆರು ಗಂಟೆಗೆ ಖಾಲಿ ಕುರ್ಚಿಗಳೇ ಸಭಿಕರು. ಆ ಹೊತ್ತಿಗೆ ಈ ಊರುಗಳ ದುಡಿಯುವ ಮಂದಿ ಇನ್ನೂ ವೈಟ್‌ಫೀಲ್ಡ್ ಕೂಡ ದಾಟಿರುವುದಿಲ್ಲ.

ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲೇ ಡಬ್ಬಿ ಹಿಡಿದು ರೈಲು ಹತ್ತುವವರು ಇರುಳಾದ ಮೇಲೆ ಇಳಿಯುತ್ತಾರೆ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಈ 16 ಕಿ.ಮೀ. ಹಳಿ 1894ರಲ್ಲಿ ಬಂದದ್ದು ಕೋಲಾರದ ಚಿನ್ನದ ಗಣಿಗೆ ಕಲ್ಲಿದ್ದಲು, ಯಂತ್ರ, ಆಳು ಸಾಗಿಸುವುದಕ್ಕೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅಂದಿನಿಂದ ಅದೇ ಹಳಿಯ ಮೇಲೆ ಊರಿನ ದುಡಿಮೆ ದಿನವೂ ಬೆಂಗಳೂರಿಗೆ ಹೋಗಿ ಬರುತ್ತಿದೆ. ಇಲ್ಲಿ ಕ್ಷೇಮ, ಪರಂಪರೆ, ಅಧ್ಯಾತ್ಮ ಎಂದು ಉಪನ್ಯಾಸಮಾಲೆ ಏರ್ಪಡಿಸುವವರು ಭಾಷಣಕಾರರ ಡೈರಿ ನೋಡುವ ಮೊದಲು ರೈಲ್ವೆ ವೇಳಾಪಟ್ಟಿ ನೋಡಬೇಕು. ಭಾನುವಾರ ಬೆಳಿಗ್ಗೆ ಹತ್ತೂವರೆ ಆಗಬಹುದು, ರಾತ್ರಿ ಎಂಟೂವರೆಯೂ ಆಗಬಹುದು. ಆರಂತೂ ಆಗದು.

ಹೊತ್ತು ಹೊಂದಿಸುವುದು ಸುಲಭ. ಹೇಳುವುದೇನು, ಯಾರು ಹೇಳಬೇಕು ಎಂಬುದು ಕಷ್ಟ.

ಉಚಿತ ಪ್ರವೇಶ, ವಾರವಾರ ಉಪನ್ಯಾಸ, ನಡುನಡುವೆ ಸಾಕ್ಷ್ಯಚಿತ್ರ, ಪಕ್ಕದಲ್ಲೊಂದು ಗ್ರಂಥಾಲಯ. ಈ ಮಾದರಿಗೆ ನಮ್ಮ ನಾಡಿನಲ್ಲಿ ಗಟ್ಟಿ ನೆಲೆ ಸಿಕ್ಕಿದ್ದು 1945ರಲ್ಲಿ. ಆ ವರ್ಷ ಆಗಸ್ಟ್‌ನಲ್ಲಿ ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್ ತೆರೆದರು. ಮುಂದೆ ಅದರ ಹೆಸರಿನಲ್ಲಿ ‘ವರ್ಲ್ಡ್’ ಸೇರಿಕೊಂಡಿತು. ಅದೇ ವರ್ಷ ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಡಿವಿಜಿ ಮುಳಬಾಗಿಲಿನವರು. ಮೆಟ್ರಿಕ್ಯುಲೇಷನ್ ಕೈಕೊಟ್ಟ ಮೇಲೆ ಹೊಟ್ಟೆಪಾಡಿಗಾಗಿ ಕೆಲಕಾಲ ಚಿನ್ನದ ಗಣಿಯ ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದವರು. ಬೆಂಗಳೂರಿಗೆ ಉಪನ್ಯಾಸದ ರುಚಿ ಹತ್ತಿಸಿದ ಸಂಸ್ಥೆಗಳಲ್ಲಿ ಒಂದನ್ನು ಕಟ್ಟಿದವರು ಕೋಲಾರ ಜಿಲ್ಲೆಯವರು ಎನ್ನುವುದು ಇಲ್ಲಿನವರು ಎದೆಯುಬ್ಬಿಸಿ ಹೇಳಿಕೊಳ್ಳಬಹುದಾದ ಮಾತು. ಯಾಕೋ ಹೇಳಿಕೊಳ್ಳುವವರು ಕಡಿಮೆ.

ವಾಡಿಯಾ ಅವರದು ಇನ್ನೂ ಕುತೂಹಲದ ಕತೆ. ಬಸವನಗುಡಿಯ ಶಾಂತ ಸಭಾಂಗಣಕ್ಕೆ ಬರುವ ಮೊದಲು ಅವರು ಮದರಾಸಿನ ಪೆರಂಬೂರಿನ ಬಟ್ಟೆ ಗಿರಣಿ ಕಾರ್ಮಿಕರ ನಡುವೆ ಇದ್ದರು. 1918ರಲ್ಲಿ ಮದರಾಸ್ ಲೇಬರ್ ಯೂನಿಯನ್ ಹುಟ್ಟುಹಾಕಿದವರಲ್ಲಿ ಮುಂಚೂಣಿಯವರು. ಊಟದ ಬಿಡುವು ಸಾಲದು, ಮೇಸ್ತ್ರಿಯ ಕಾಟ ತಡೆಯಲಾಗದು ಎಂಬ ದೂರುಗಳನ್ನು ಕೇಳಿಸಿಕೊಂಡೇ ಅವರು ಥಿಯಾಸಫಿಯ ಮಾತಾಡುತ್ತಿದ್ದರು. ಕೂಲಿಯ ಪ್ರಶ್ನೆಯನ್ನೂ ಆತ್ಮದ ಪ್ರಶ್ನೆಯನ್ನೂ ಅವರು ಬೇರೆಬೇರೆ ಕೋಣೆಯಲ್ಲಿ ಕೂರಿಸಲಿಲ್ಲ. ಇವತ್ತಿನ ‘ವೆಲ್‌ನೆಸ್’ ಉಪನ್ಯಾಸಗಳು ಕೂಲಿ ಎನ್ನುವ ಪದವನ್ನೇ ಮರೆತಿವೆ. ಗಣಿಯೂರಿನಲ್ಲಿ ಆ ಮರೆವು ಎದ್ದು ಕಾಣುತ್ತದೆ.

ಥಿಯಾಸಫಿಯ ಇನ್ನೊಂದು ಎಳೆ ಇದಕ್ಕೂ ಮೊದಲೇ ಮಾರಿಕುಪ್ಪಂಗೆ ಬಂದಿತ್ತು. ಪಂಡಿತ ಅಯೋತಿ ದಾಸರು ಸಿದ್ಧ ವೈದ್ಯರು, ತಮಿಳು ವಿದ್ವಾಂಸರು. ಅಸ್ಪೃಶ್ಯರೆನಿಸಿಕೊಂಡವರು ಮೂಲತಃ ಬೌದ್ಧರು, ಧರ್ಮ ಕಳೆದುಕೊಂಡದ್ದರಿಂದಲೇ ಮಾನ ಕಳೆದುಕೊಂಡರು ಎಂಬುದು ಅವರ ವಾದ. 1898ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಅವರ ನೆರವಿನಿಂದ ಸಿಂಹಳಕ್ಕೆ ಹೋಗಿ ಪಂಚಶೀಲ ಸ್ವೀಕರಿಸಿದರು. ಹಿಂತಿರುಗಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಶಾಖೆಗಳು ಗಟ್ಟಿಯಾಗಿ ಬೇರೂರಿದ ಜಾಗಗಳಲ್ಲಿ ಕೋಲಾರದ ಚಿನ್ನದ ಗಣಿಯೂ ಒಂದು. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಎರಡೂ ಕಡೆ ಶಾಖೆಗಳಿದ್ದವು. ಉತ್ತರ ಆರ್ಕಾಟಿನ ಬರಡು ಹಳ್ಳಿಗಳಿಂದ ಬಂದ ಆದಿದ್ರಾವಿಡ ಕುಟುಂಬಗಳು ಗಣಿಯಲ್ಲಿ ಜೀವ ಪಣಕ್ಕಿಟ್ಟು ಗಳಿಸುತ್ತಿದ್ದದ್ದು ಕೊಂಚ ನಗದು. ಹಳ್ಳಿಯ ಗೌಂಡರ ಜಗುಲಿ ಇಲ್ಲದ ಊರಿನಲ್ಲಿ ಆ ನಗದಿನಿಂದ ಶಾಲೆಯನ್ನೂ ಸಂಘವನ್ನೂ ಮುದ್ರಣಾಲಯವನ್ನೂ ನಡೆಸಬಹುದಿತ್ತು. ನಡೆಸಿದರು. ಅಯೋತಿ ದಾಸರು 1907ರಲ್ಲಿ ಒಂದು ಪೈಸೆ ಬೆಲೆಗೆ ಆರಂಭಿಸಿದ ‘ತಮಿಳನ್’ ಪತ್ರಿಕೆ ಅವರು 1914ರಲ್ಲಿ ತೀರಿಕೊಂಡ ಮೇಲೆ ಏರುಪೇರು ಕಂಡಿತು. 1920ರ ದಶಕದಲ್ಲಿ ಮತ್ತೆ ಜೀವ ಪಡೆದದ್ದು ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ, ಇದೇ ಚಿನ್ನದ ಗಣಿಯಿಂದ.

ದಿನವೆಲ್ಲ ನೆಲದಡಿಯಲ್ಲಿ ಕಲ್ಲು ಕೊರೆದು ಮೇಲೆ ಬಂದವರು ತಟ್ಟಿ ಮನೆಗಳ ಸಾಲಿನಲ್ಲಿ ಕೂತು ಕರ್ಮ ಎಂದರೇನು, ಜಾತಿ ಎಲ್ಲಿಂದ ಬಂತು, ಬುದ್ಧ ದೇವರೋ ಗುರುವೋ ಎಂದು ವಾದ ಮಾಡುತ್ತಿದ್ದ ಊರು ಇದು. ಓದು ಬಾರದವರಿಗೆ ಪತ್ರಿಕೆ ಓದಿ ಹೇಳುವವರಿದ್ದರು. 1930ರಲ್ಲಿ ಗಣಿ ಕಂಪನಿ ಬೆರಳಚ್ಚು ಕೊಡಬೇಕೆಂದು ಆಜ್ಞೆ ಮಾಡಿದಾಗ, ನಾವೇನು ಕಳ್ಳರೇ ಎಂದು ಸಾವಿರಾರು ಕಾರ್ಮಿಕರು ಮೂರು ವಾರ ಕೆಲಸ ನಿಲ್ಲಿಸಿದರು. ಆಗ ಅವರಿಗೆ ಗಟ್ಟಿ ಕಾರ್ಮಿಕ ಸಂಘವೇ ಇರಲಿಲ್ಲ. ಮಾನದ ಪ್ರಶ್ನೆಯಲ್ಲಿ ಅಷ್ಟು ಜನ ಒಮ್ಮೆಗೇ ಎದ್ದು ನಿಲ್ಲುವುದರ ಹಿಂದೆ ಈ ಸಭೆಗಳ ಮಾತುಕತೆಯೂ ಇತ್ತು ಎಂದು ನನಗೆ ಅನಿಸುತ್ತದೆ. ಇತಿಹಾಸಕಾರ್ತಿ ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟಿಸಿದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಪುಸ್ತಕದಲ್ಲಿ ಈ ಕಾಲದ ಕೆಲಸ, ಸಂಸ್ಕೃತಿ, ರಾಜಕೀಯ ಮೂರನ್ನೂ ಒಟ್ಟಿಗೆ ನೋಡಿದ್ದಾರೆ. ಅದು ಕನ್ನಡದಲ್ಲೂ ತಮಿಳಿನಲ್ಲೂ ಸಿಗುವಂತಾಗಿ ಗಣಿಯ ಲೈನ್ ಮನೆಗಳಲ್ಲಿ ಓದುವಂತಾಗಬೇಕು.

ಇಂಥ ಊರಿಗೆ ‘ಜನರಲ್ಲಿ ಅಧ್ಯಾತ್ಮದ ಅರಿವು ಮೂಡಿಸಲು’ ಎಂದು ಬ್ಯಾನರ್ ಕಟ್ಟಿಕೊಂಡು ಬರುವವರ ಧೈರ್ಯ ಮೆಚ್ಚಬೇಕು.

ಈಗ ಕ್ಷೇಮದ ವಿಷಯ. ಕ್ಷೇಮ ಕುರಿತ ಭಾಷಣ ಬಹುಮಟ್ಟಿಗೆ ಉಸಿರಿನಿಂದಲೇ ಶುರುವಾಗುತ್ತದೆ. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ದೀರ್ಘವಾಗಿ ಉಸಿರೆಳೆದುಕೊಳ್ಳಿ ಎನ್ನುತ್ತಾರೆ. ಚಾಂಪಿಯನ್ ರೀಫ್ಸ್‌ನ ಸಭೆಯಲ್ಲಿ ಹೀಗೆ ಹೇಳಿದರೆ ಮುಂದಿನ ಸಾಲಿನಲ್ಲಿ ಕೂತ ಎಪ್ಪತ್ತೈದರ ಅಜ್ಜನಿಗೆ ಎಳೆದುಕೊಳ್ಳಲು ಆಗದೆ ಇರಬಹುದು. ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಬೆಣಚೆಂದರೆ ಸಿಲಿಕ. ಕೊರೆಯುವಾಗ, ಸಿಡಿಸುವಾಗ, ಪುಡಿ ಮಾಡುವಾಗ ಏಳುವ ದೂಳಿನಲ್ಲಿ ದಪ್ಪ ಕಣಗಳನ್ನು ಮೂಗು, ಗಂಟಲು ತಡೆದು ಕಫದಲ್ಲಿ ಹೊರಹಾಕುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ಗಾತ್ರದವು, ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಅವನ್ನು ನುಂಗಲು ಬಂದ ರಕ್ಷಕ ಜೀವಕೋಶಗಳು ತಾವೇ ಸಾಯುತ್ತವೆ. ಸತ್ತಲ್ಲಿ ಗಾಯ, ಗಾಯದ ಮೇಲೆ ನಾರಿನಂಥ ಗಂಟು. ಗಂಟು ಕಟ್ಟಿದ ಭಾಗ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಕೆಲಸ ಬಿಟ್ಟು ವರ್ಷಗಳಾದ ಮೇಲೂ ರೋಗ ಮುಂದುವರಿಯಬಹುದು. ಕ್ಷಯ ಬಹುಬೇಗ ಮೆತ್ತಿಕೊಳ್ಳುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಇವತ್ತಿಗೂ ಗುಣವಾಗುವ ಮದ್ದಿಲ್ಲ.

ಭಾರತದಲ್ಲಿ ಈ ರೋಗವನ್ನು ಮೊದಲು ವೈದ್ಯಕೀಯವಾಗಿ ದಾಖಲಿಸಿದ್ದು ಇಲ್ಲೇ. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ಆ ದಶಕದಲ್ಲಿ ಗಣಿಯ ವೈದ್ಯರು ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆಯನ್ನು ಎಕ್ಸ್-ರೇ ಮಾಡಿ ನೋಡಿದರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ರೋಗ ತಗಲಿತ್ತು. ಒಣ ಕೊರೆತದ ಬದಲು ನೀರು ಹಾಯಿಸಿ ಕೊರೆಯುವ ಕ್ರಮ, ಗಾಳಿಯಾಟದ ಸುಧಾರಣೆ ಇವೆಲ್ಲ ಬಂದು ಪರಿಸ್ಥಿತಿ ಸುಧಾರಿಸಿತು, ಆದರೆ ಗಣಿ ಆಳಕ್ಕೆ ಇಳಿಯುತ್ತಲೇ ಹೋಯಿತು. ಚಾಂಪಿಯನ್ ರೀಫ್ 3 ಕಿ.ಮೀ.ಗೂ ಹೆಚ್ಚು ಆಳ ಮುಟ್ಟಿತು. ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳದೆ ಬಂಡೆ ತಾನೇ ಸಿಡಿಯುವ ರಾಕ್ ಬರ್ಸ್ಟ್‌ಗಳಿಗೆ ಜನ ಬಲಿಯಾದರು. ಮೇಲಿದ್ದ ಮನೆಗಳ ಗೋಡೆಗಳೂ ಅದಕ್ಕೆ ನಡುಗುತ್ತಿದ್ದವು.

ಪ್ರಾಣಾಯಾಮದ ಉಪನ್ಯಾಸ ಇಲ್ಲಿ ಬೇಡ ಎನ್ನುತ್ತಿಲ್ಲ. ಉಸಿರಾಟದ ಅಭ್ಯಾಸ, ಮಿತವಾದ ನಡಿಗೆ, ಕಫ ಹೊರಹಾಕುವ ಕ್ರಮ ಇವುಗಳಿಂದ ಏದುಸಿರು ಕಡಿಮೆಯಾಗುತ್ತದೆ, ದಿನದ ಕೆಲಸ ಹಗುರಾಗುತ್ತದೆ. ಆಸ್ಪತ್ರೆಗಳ ಶ್ವಾಸಕೋಶ ಪುನಶ್ಚೇತನದಲ್ಲಿ ಮಾಡಿಸುವುದೂ ಬಹುಪಾಲು ಇದನ್ನೇ. ಗಂಟು ಕಟ್ಟಿದ ಶ್ವಾಸಕೋಶ ಇದರಿಂದ ಮೊದಲಿನಂತಾಗುತ್ತದೆ ಎಂದು ಹೇಳಿದರೆ ಮಾತ್ರ ಅದು ಸುಳ್ಳು. ಹಾಗಾಗಿ ಯೋಗ ಶಿಕ್ಷಕರ ಪಕ್ಕದಲ್ಲಿ ಎದೆರೋಗ ವೈದ್ಯರೊಬ್ಬರು ಕೂತಿರಬೇಕು, ಊದಿ ನೋಡುವ ಯಂತ್ರವೊಂದು ಮೇಜಿನ ಮೇಲಿರಬೇಕು, ಹಳೆಯ ಎಕ್ಸ್-ರೇಗಳನ್ನು ತರಲು ಮೊದಲೇ ಹೇಳಿ ಕಳಿಸಿರಬೇಕು. ಭಾಷಣ ಇಪ್ಪತ್ತು ನಿಮಿಷ ಸಾಕು. ಉಳಿದ ಹೊತ್ತು ‘ಸಾರ್, ನಮ್ಮಪ್ಪನಿಗೆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತೆ, ಯಾಕೆ?’ ಎಂಬ ಪ್ರಶ್ನೆಗಳಿಗೆ. ಗಣಿಯಲ್ಲಿ ದುಡಿಯದವರಿಗೂ ಪ್ರಶ್ನೆಗಳಿವೆ. ಚಿನ್ನ ತೆಗೆದುಳಿದ ಮಣ್ಣಿನ ಸಯನೈಡ್ ದಿಬ್ಬಗಳು ಊರ ಸುತ್ತ ನಿಂತಿವೆ. ಗಾಳಿ ಕಾಲದಲ್ಲಿ ಅದರ ನುಣುಪು ದೂಳು ಒಣಗಲು ಹಾಕಿದ ಬಟ್ಟೆಗೂ ಮುಚ್ಚದ ಪಾತ್ರೆಗೂ ಬಂದು ಕೂರುತ್ತದೆ.

ಅಧ್ಯಾತ್ಮಕ್ಕೆ ಈ ಸೀಮೆಯಲ್ಲಿ ಎಂದೂ ಬರವಿಲ್ಲ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗದ ಸುತ್ತ ಭಕ್ತರು ತಮ್ಮ ಹೆಸರಿನಲ್ಲಿ ನೆಡಿಸಿದ ಪುಟ್ಟ ಲಿಂಗಗಳ ಸಾಲು ಬೆಳೆಯುತ್ತಲೇ ಇದೆ. ಊರ ಹಬ್ಬಗಳಲ್ಲಿ ರಾತ್ರಿಯಿಡೀ ಹೂವಿನ ಪಲ್ಲಕ್ಕಿಗಳು ಹೊರಡುತ್ತವೆ. ಕೈವಾರ ತಾತಯ್ಯನವರ ತತ್ವಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ಹಾಡುವ ಭಜನೆ ಮೇಳಗಳು ಹಳ್ಳಿ ಹಳ್ಳಿಯಲ್ಲಿವೆ. ಮುಳಬಾಗಿಲಿನ ಹೈದರ್ ವಲಿ ದರ್ಗಾದ ಉರುಸಿಗೆ ಜಾತಿ ಮತ ನೋಡದೆ ಜನ ಹೋಗುತ್ತಾರೆ. ಗಣಿಯ ಚರ್ಚುಗಳ ಗಂಟೆ, ಬುದ್ಧ ವಿಹಾರದ ಪೂರ್ಣಿಮೆ, ಮಾರಿಯಮ್ಮನ ಕೂಳು, ಎಲ್ಲವೂ ಒಂದೇ ಪೇಟೆಯಲ್ಲಿ. ಇಲ್ಲಿ ಉಪನ್ಯಾಸಕನ ಕೆಲಸ ಭಕ್ತಿ ಕಲಿಸುವುದಲ್ಲ. ಇಷ್ಟು ದೇವರುಗಳು ಇಷ್ಟು ಇಕ್ಕಟ್ಟಿನಲ್ಲಿ ಹೇಗೆ ಒಟ್ಟಿಗೆ ಬಾಳಿದವು ಎಂದು ಜನರಿಂದಲೇ ಕೇಳಿ ತಿಳಿಯುವುದು.

ಜಿಲ್ಲೆಯಲ್ಲೇ ಒಂದು ಮಾದರಿ ಕಣ್ಣೆದುರಿಗಿದೆ. ಕೋಲಾರದ ಅಂತರಗಂಗೆ ಬೆಟ್ಟದ ಮೇಲಿನ ತೇರಹಳ್ಳಿ ಸೀಮೆಯಲ್ಲಿ ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಂದಿಗೆ ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರ. ಅಲ್ಲಿನ ‘ಹುಣ್ಣಿಮೆ ಹಾಡು’ ಹೆಸರು ಮಾಡಿದ್ದು ದೊಡ್ಡ ಸಭಾಂಗಣದಿಂದಲ್ಲ. ಬೆಳದಿಂಗಳಿನಲ್ಲಿ ಬಯಲಲ್ಲಿ ಕೂತು ಹಾಡು, ನಾಟಕ, ಮಾತು. ತಿಥಿ ನೋಡಿದರೆ ಸಾಕು, ಕಾರ್ಯಕ್ರಮ ಯಾವತ್ತೆಂದು ಆಹ್ವಾನ ಪತ್ರಿಕೆ ಇಲ್ಲದೆಯೂ ಗೊತ್ತಾಗುತ್ತದೆ. ದಲಿತ ಚಳವಳಿಯಿಂದ ಬಂದವರು ಕಟ್ಟಿದ ಜಾಗ ಅದು. ಬೆಟ್ಟ, ಬುಡಕಟ್ಟು, ಮಕ್ಕಳ ಆಟ, ಹಸಿವು ಎಲ್ಲವೂ ಅಲ್ಲಿ ಮಾತಿನ ವಸ್ತು.

ಪರಂಪರೆಗೆ ಬಂದರೆ ನನ್ನ ತಕರಾರು ಬೇರೆ. ಪರಂಪರೆ ಎಂದ ಕೂಡಲೇ ಆವಣಿ, ಕುರುಡುಮಲೆ, ಕೋಲಾರಮ್ಮ ಎಂದು ಗುಡಿಗಳ ಪಟ್ಟಿ ಹೇಳುತ್ತೇವೆ. ಅವು ಬೇಕು, ಅನುಮಾನವಿಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಕ್ಯಾಸಂಬಳ್ಳಿಯವರು. ಇಷ್ಟೂ ಸರಿ. ಆದರೆ ಗಣಿಯ ಪರಂಪರೆ ಮಾತ್ರ ‘ಲಿಟಲ್ ಇಂಗ್ಲೆಂಡ್’ನ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಕ್ಕೆ ಬಂದು ನಿಂತುಬಿಡುತ್ತದೆ. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಸಾಹೇಬರ ಬಿಲಿಯರ್ಡ್ಸ್ ಮೇಜು ಪರಂಪರೆಯಾದರೆ ಶಾಫ್ಟಿನ ಕೇಜಿನಲ್ಲಿ ಭುಜಕ್ಕೆ ಭುಜ ಒತ್ತಿ ಇಳಿದವರ ಟೋಕನ್ನು ಏಕಲ್ಲ? 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಇಲ್ಲಿಗೆ ಬಂದಾಗ ಊರಿಗಾಂ, ಮಾರಿಕುಪ್ಪಂ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಅವನ ಕಣ್ಣೆದುರೇ ಮಾಡಿ ತೋರಿಸಿದ್ದರು. ಆ ಕೈಚಳಕದ ಮೇಲೆಯೇ ಮುಂದಿನದೆಲ್ಲ ನಿಂತಿತು, ಅವರ ಹೆಸರು ಮಾತ್ರ ಯಾವ ಫಲಕದಲ್ಲೂ ಇಲ್ಲ.

ವಿಜ್ಞಾನದ ಪರಂಪರೆಯೂ ಇಲ್ಲಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿ.ಮೀ. ತಂತಿ ಹಾಯ್ದು ಮೊದಲು ಬಂದದ್ದು ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಚಾಂಪಿಯನ್ ರೀಫ್‌ನಲ್ಲಿ 2.3 ಕಿ.ಮೀ. ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆಗೂಡಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಹಿಡಿದರು. ಮೇಲಿನ ಬಂಡೆ ಬೇರೆ ಕಣಗಳನ್ನು ಬಹುಮಟ್ಟಿಗೆ ತಡೆದು ನ್ಯೂಟ್ರಿನೊವನ್ನು ಬಿಟ್ಟುಕೊಡುತ್ತದೆಂದು ಅಷ್ಟು ಆಳ ಬೇಕಾಯಿತು. ಆ ಪ್ರಯೋಗದ ಉಪಕರಣಗಳನ್ನು ಕೆಳಗೆ ಸಾಗಿಸಿದವರಲ್ಲಿ ಗಣಿಯ ಆಳುಗಳೂ ಇದ್ದರು. ಅವರ ಮೊಮ್ಮಕ್ಕಳು ಈಗ ಬೆಂಗಳೂರಿನ ಕಂಪನಿಗಳಲ್ಲಿದ್ದಾರೆ. ಅವರಿಗೆ ಇದನ್ನು ಹೇಳುವ ಉಪನ್ಯಾಸ ನೂರು ‘ಧನಾತ್ಮಕ ಚಿಂತನೆ’ಯ ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಗಣಿ ಮುಚ್ಚಿದ ಮೇಲೆ ಸಂಸ್ಕೃತಿಯ ಕೇಂದ್ರವಾದ ಊರುಗಳು ಜಗತ್ತಿನಲ್ಲಿವೆ. ಜರ್ಮನಿಯ ಎಸ್ಸೆನ್ ಪಟ್ಟಣದ ಝೋಲ್‌ಫರೈನ್ ಕಲ್ಲಿದ್ದಲು ಗಣಿ 1986ರಲ್ಲಿ ನಿಂತಿತು. ಕಬ್ಬಿಣದ ಗೋಪುರವನ್ನು ಗುಜರಿಗೆ ಹಾಕದೆ ಉಳಿಸಿಕೊಂಡರು. 2001ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು, ಈಗ ಅಲ್ಲಿ ವಸ್ತುಸಂಗ್ರಹಾಲಯ, ಸಂಗೀತ, ನೃತ್ಯ. ಅಲ್ಲಿ ಗಣಿಗೆ ಆ ಮಾನ ಸಿಕ್ಕ ವರ್ಷವೇ ಇಲ್ಲಿ ನಮ್ಮ ಗಣಿಗೆ ಬೀಗ ಬಿತ್ತು. ವೇಲ್ಸ್‌ನ ಗಣಿ ಕಾರ್ಮಿಕರಂತೂ ಸಂಬಳದಿಂದ ಕಾಸು ಕಾಸು ಮುರಿಸಿಕೊಂಡು ತಮ್ಮದೇ ಗ್ರಂಥಾಲಯ, ಸಭಾಭವನ, ಸಿನಿಮಾ ಅಂಗಳ ಕಟ್ಟಿಕೊಂಡಿದ್ದರು. ಅಲ್ಲೇ ಓದಿ ಬೆಳೆದ ಅನೈರಿನ್ ಬೆವನ್ 1948ರಲ್ಲಿ ಬ್ರಿಟನ್ನಿಗೆ ಉಚಿತ ಆರೋಗ್ಯ ಸೇವೆ ತಂದ. ಝೋಲ್‌ಫರೈನ್‌ಗೆ ಸರ್ಕಾರದ ಹಣ ಹರಿಯಿತು, ನಮಗೆ ಅಂಥ ಹಣ ಬರುವ ಲಕ್ಷಣವಿಲ್ಲ. ಹಾಗಾಗಿ ನಮಗೆ ಹತ್ತಿರದ ಮಾದರಿ ವೇಲ್ಸಿನದು, ಅಯೋತಿ ದಾಸರ ಅನುಯಾಯಿಗಳದು.

ಕೊನೆಗೆ ಸಿನಿಮಾ. ಕೆಜಿಎಫ್ ಎಂದರೆ ಈಗ ದೇಶಕ್ಕೆಲ್ಲ ನೆನಪಾಗುವುದು ಪ್ರಶಾಂತ್ ನೀಲ್ ಅವರ ಎರಡು ಚಿತ್ರಗಳು, 2018ರದು ಮತ್ತು 2022ರದು. ಸಯನೈಡ್ ದಿಬ್ಬದ ಮೇಲೆ ಅವುಗಳ ಚಿತ್ರೀಕರಣವಾಯಿತು. ಆ ಚಿತ್ರಗಳ ಕಲ್ಪಿತ ಗಣಿ ನರಾಚಿಯನ್ನು ಹುಡುಕಿಕೊಂಡು ಬರುವವರಿಗೆ ಇಲ್ಲಿ ನರಾಚಿ ಸಿಗುವುದಿಲ್ಲ. 2024ರಲ್ಲಿ ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ ಬಂತು. ಅದರಲ್ಲಿ ಚಿನ್ನದ ಹಿಂದೆ ಹೊರಟ ಆರ್ಕಾಟಿನ ಜನರೂ ಬುದ್ಧನೂ ಇದ್ದಾರೆ. ಎರಡನ್ನೂ ಒಂದೇ ವಾರ ತೋರಿಸಿ, ಇದರಲ್ಲಿ ನಿಮ್ಮ ಊರು ಎಷ್ಟಿದೆ ಎಂದು ಲೈನ್ ಮನೆಗಳ ಹಿರಿಯರನ್ನು ಕೇಳಿದರೆ ಅದಕ್ಕಿಂತ ಚಂದದ ವಿಚಾರಸಂಕಿರಣ ಬೇಕಿಲ್ಲ.

ತೋರಿಸುವುದಕ್ಕೆ ಒಂದಿಷ್ಟು ಕಾಯಿದೆ ತಿಳಿದಿರಬೇಕು. ಡಿವಿಡಿ ಕೊಂಡದ್ದಾಗಲೀ ಒಟಿಟಿ ಚಂದಾ ಕಟ್ಟಿದ್ದಾಗಲೀ ಮನೆಯ ನೋಟಕ್ಕೆ ಮಾತ್ರ. ಸಭೆಯಲ್ಲಿ ತೋರಿಸಲು, ಟಿಕೆಟ್ ಇಡದಿದ್ದರೂ, ಹಕ್ಕುದಾರರ ಒಪ್ಪಿಗೆ ಬೇಕು. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರವೂ ಬೇಕು. ಈ ಓಡಾಟ ತಿಳಿದವರು ಬೆಂಗಳೂರಿನ ಸುಚಿತ್ರಾದಂಥ ಫಿಲಂ ಸೊಸೈಟಿಗಳಲ್ಲಿದ್ದಾರೆ. 1971ರಿಂದ ಅವರದು ಇದೇ ಕೆಲಸ. ಇನ್ನೊಂದು ಅನುಕೂಲವಿದೆ. ನಮ್ಮ ಕಾಯಿದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ವರ್ಷದ ಮರುವರ್ಷದಿಂದ 60 ವರ್ಷಕ್ಕೆ ಮುಗಿಯುತ್ತದೆ. 1954ರ ‘ಬೇಡರ ಕಣ್ಣಪ್ಪ’, 1960ರ ‘ಭಕ್ತ ಕನಕದಾಸ’ ಇವುಗಳ ಅವಧಿ ಆಗಲೇ ದಾಟಿದೆ. ಒಳ್ಳೆಯ ಪ್ರತಿ ಸಿಗುವುದೇ ಕಷ್ಟ.

ಕಣ್ಣಪ್ಪನ ಕತೆ ಈ ಸೀಮೆಗೆ ಹೇಳಿ ಮಾಡಿಸಿದ್ದು. ಕಾಳಹಸ್ತಿಯ ಬೇಡ ತಮಿಳರಿಗೂ ತೆಲುಗರಿಗೂ ಕನ್ನಡಿಗರಿಗೂ ಬೇಕಾದವನು. ರಾಜ್‌ಕುಮಾರ್ ಅದೇ ಪಾತ್ರವನ್ನು ತೆಲುಗಿನ ‘ಕಾಳಹಸ್ತಿ ಮಹಾತ್ಮ್ಯಂ’ನಲ್ಲೂ ಮಾಡಿದ್ದರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಉರ್ದು, ಕಚೇರಿಯಲ್ಲಿ ಕನ್ನಡ, ಹಳೆಯ ಪಗಾರ ಚೀಟಿಯಲ್ಲಿ ಇಂಗ್ಲಿಷ್ ಇರುವ ಊರಿನಲ್ಲಿ ಯಾವ ಭಾಷೆಯಲ್ಲಿ ಕಾರ್ಯಕ್ರಮ ಎಂದು ಜಗಳ ತೆಗೆಯುವವರಿಗೆ ಇದು ಉತ್ತರ. ಚಿತ್ರ ಕನ್ನಡದ್ದಿರಲಿ, ಮಾತುಕತೆ ನಾಲಿಗೆಗೆ ಬಂದ ಭಾಷೆಯಲ್ಲಿ ನಡೆಯಲಿ. ಈ ಊರಿನವರು ಒಂದೇ ವಾಕ್ಯದಲ್ಲಿ ಮೂರು ಭಾಷೆ ದಾಟುವುದನ್ನು ಹುಟ್ಟಿನಿಂದ ಕಲಿತವರು.

ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ ಈ ಊರಿಗೆ ಬರಬೇಕು. ಪೂರ್ಣಚಂದ್ರ ತೇಜಸ್ವಿಯವರ ಕತೆಯಿಂದ 1986ರಲ್ಲಿ ಆದ ಚಿತ್ರ. ನಿವೃತ್ತ ಜವಾನನೊಬ್ಬ ತನ್ನ ಪಿಂಚಣಿಗಾಗಿ ಮೇಜಿಂದ ಮೇಜಿಗೆ ಅಲೆಯುತ್ತಾನೆ, ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತ ಹೋಗುತ್ತದೆ, ಹಣ ಕೈಗೆ ಬರುವ ಹೊತ್ತಿಗೆ ಬೇಕಾದವಳೇ ಇರುವುದಿಲ್ಲ. ಗಣಿ ಮುಚ್ಚಿದ ಮೇಲೆ ಬಾಕಿಗಾಗಿ, ಇದ್ದ ಮನೆಯ ಹಕ್ಕಿಗಾಗಿ ವರ್ಷಗಟ್ಟಲೆ ಕಾಗದ ಹಿಡಿದು ಓಡಾಡಿದವರ ನಡುವೆ ಈ ಚಿತ್ರ ಕ್ಷೇಮದ ಉಪನ್ಯಾಸವೇ ಆದೀತು. ಚಿತ್ರ ಮುಗಿದ ಮೇಲೆ ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರು ಅರ್ಧ ಗಂಟೆ ಕೂತು ಅರ್ಜಿಗಳನ್ನು ನೋಡಿಕೊಟ್ಟರಂತೂ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ.

ನಾನು ತಪ್ಪದೆ ನೋಡಬೇಕೆಂದಿರುವುದು ಇನ್ನೊಂದು ಪ್ರದರ್ಶನ. ಜೆಮಿನಿಯವರ 1942ರ ತಮಿಳು ಚಿತ್ರ ‘ನಂದನಾರ್’, ದಂಡಪಾಣಿ ದೇಶಿಕರ್ ಹಾಡಿ ನಟಿಸಿದ್ದು. ಜೀತದಾಳೊಬ್ಬ ಚಿದಂಬರದ ನಟರಾಜನನ್ನು ಕಾಣಲು ಹಂಬಲಿಸುವ ಕತೆ. ಬೆಂಕಿ ಹಾಯ್ದು ಶುದ್ಧನಾದ ಮೇಲಷ್ಟೇ ಅವನಿಗೆ ಗುಡಿಯ ಒಳಗೆ ದಾರಿ. ಅಯೋತಿ ದಾಸರು ಈ ಕತೆಯನ್ನು ಒಪ್ಪಲೇ ಇಲ್ಲ. ನಂದನ್ ಗುಡಿಯ ಬಾಗಿಲಲ್ಲಿ ನಿಂತ ಭಕ್ತನಲ್ಲ, ಮೋಸದಿಂದ ಕೊಲೆಯಾದ ಬೌದ್ಧ ದೊರೆ ಎಂಬುದು ಅವರ ವಾದ. ಇತಿಹಾಸ ಯಾರ ಕಡೆಗಿದೆ ಎಂಬುದು ಒಂದು ಸಂಜೆಯಲ್ಲಿ ತೀರ್ಮಾನವಾಗುವ ಮಾತಲ್ಲ. ಭಜನೆ ಮೇಳದವರನ್ನೂ ವಿಹಾರದವರನ್ನೂ ಚರ್ಚಿನ ಯುವಕರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಚಿತ್ರ ತೋರಿಸಬೇಕು, ಬೆಳಕು ಹಾಕಿದ ಮೇಲೆ ಮೈಕನ್ನು ವೇದಿಕೆಯ ಕೆಳಗೆ ಕೊಡಬೇಕು. ದನಿ ಏರಿದರೆ ಏರಲಿ. ಸಮಾರೋಪ ಭಾಷಣಕ್ಕೆಂದು ಯಾರನ್ನೂ ಕರೆಯುವುದು ಬೇಡ, ಮರುದಿನದ ಮೊದಲ ರೈಲಿಗೆ ಹೊರಡಬೇಕಾದವರು ತಾವಾಗಿಯೇ ಏಳುತ್ತಾರೆ.